ಮಕ್ಕಳ ಗ್ರಾಮಸಭೆ: ಕುಂದಾಪುರದ ಪ್ರಯೋಗ

ಗ್ರಾಮ ಪಂಚಾಯತ್ ವ್ಯಾಪ್ತಿಯ ಮಕ್ಕಳು ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ, ಆರೋಗ್ಯ ಮೊದಲಾದ ವಿಷಯಗಳ ಬಗೆಗಿನ ತಮ್ಮ ಅಹವಾಲನ್ನು ಜನಪ್ರತಿನಿಧಿಗಳು ಹಾಗೂ ಅಧಿಕಾರಿಗಳ ಮುಂದೆ ನೇರವಾಗಿ ಮಂಡಿಸುವ ಸಭೆಯೇ ಮಕ್ಕಳ ಗ್ರಾಮಸಭೆ. ರಾಜ್ಯದಾದ್ಯಂತ ಇಂದು ನಡೆಯುತ್ತಿರುವ ಈ ಸಭೆಗಳಿಗೆ ಅವಿಭಜಿತ ಕುಂದಾಪುರ ತಾಲ್ಲೂಕಿನ ಅನುಭವವೇ ಬುನಾದಿಯಾಯಿತು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ತಿಳಿಸುವ ಹಕ್ಕನ್ನು ಮಕ್ಕಳಿಗೆ ನೀಡಿದೆ. ಭಾರತವು 1992ರಲ್ಲಿ ಇದನ್ನು ಅಂಗೀಕರಿಸಿತು. ಆದರೆ ಕುಂದಾಪುರದಲ್ಲಿ ಕೆಲಸ ಆರಂಭವಾದದ್ದು ವಿಧಿಯನ್ನು ಓದಿಕೊಂಡಲ್ಲ, ದುಡಿಯುವ ಮಕ್ಕಳಿಂದ. ಬೆಂಗಳೂರಿನ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಬೆಂಬಲದಿಂದ ರೂಪುಗೊಂಡ ದುಡಿಯುವ ಮಕ್ಕಳ 'ಭೀಮ ಸಂಘ' ಇದಕ್ಕೆ ನೆಲೆಯಾಯಿತು. 1990ರ ದಶಕದ ಮಧ್ಯಭಾಗದಲ್ಲಿ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳೇ ಮತ ಹಾಕಿ ಆರಿಸಿದ ಮಕ್ಕಳ ಪಂಚಾಯತ್‌ಗಳು ಹುಟ್ಟಿಕೊಂಡವು. ತಮ್ಮ ಮಾತನ್ನು ಹಿರಿಯರಿಗೆ ಮುಟ್ಟಿಸಲು 'ಮಕ್ಕಳ ಮಿತ್ರ'ರನ್ನೂ ಮಕ್ಕಳೇ ಆಯ್ದುಕೊಂಡರು.

ಹತ್ತನೆಯ ಪಂಚವಾರ್ಷಿಕ ಯೋಜನೆಯ (2002–07) ಅವಧಿಯಲ್ಲಿ ತಾಲ್ಲೂಕಿನ 56 ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳು ಸಮೀಕ್ಷೆ ನಡೆಸಿ, ನಕ್ಷೆ ಬರೆದು, ತಮ್ಮ ಬೇಡಿಕೆಗಳನ್ನು ಯೋಜನೆಯ ರೂಪದಲ್ಲಿ ಮುಂದಿಟ್ಟರು. 2006ರಲ್ಲಿ ರಾಜ್ಯ ಸರಕಾರವು ಮಕ್ಕಳ ಗ್ರಾಮಸಭೆ ನಡೆಸುವಂತೆ ಎಲ್ಲ ಪಂಚಾಯತ್‌ಗಳಿಗೂ ಸೂಚಿಸಿತು.

ಮಕ್ಕಳನ್ನೇ ಏಕೆ ಕೇಳಬೇಕು? ಉತ್ತರ ನಮ್ಮ ಹೊಳೆ-ತೋಡುಗಳಲ್ಲಿದೆ. ತಲ್ಲೂರಿನ ಹೆದ್ದಾರಿಯಲ್ಲಿ ವಾಹನವೇರಿ ಹೋಗುವವನಿಗೆ ಒಳನಾಡಿನ ಕಾಲುಸಂಕ ಕಾಣುವುದಿಲ್ಲ. ಬೇಸಗೆಯಲ್ಲಿ ಪರಿಶೀಲನೆಗೆ ಬರುವ ಅಧಿಕಾರಿಗೆ ಅದು ಒಣತೋಡಿನ ಮೇಲಿನ ಎರಡು ಮರದ ದಿಮ್ಮಿ ಮಾತ್ರ. ಆಷಾಢದ ಮಳೆಯಲ್ಲಿ ಪಾಚಿಗಟ್ಟಿದ ಆ ದಿಮ್ಮಿಯ ಮೇಲೆ ಚೀಲ, ಕೊಡೆ ಹಿಡಿದು ದಿನಕ್ಕೆರಡು ಬಾರಿ ಸಾಗುವ ಮಗುವಿಗಷ್ಟೇ ಅದರ ಅಪಾಯ ಗೊತ್ತು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಕಾಲುಸಂಕಗಳ ಚರ್ಚೆ ಬಿರುಸಾದದ್ದು ಆ ಬಳಿಕವೇ ಎಂಬುದು ವಿಷಾದದ ಸಂಗತಿ.

ಸಭೆಯು ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ನಂತರದ ವಾರಗಳಲ್ಲಿ ಜರಗುತ್ತದೆ. ಹಲವೆಡೆ ಸ್ವಾಗತ, ಭಾಷಣಗಳಲ್ಲೇ ಹೊತ್ತು ಕಳೆದು, ಮಕ್ಕಳ ಪಾಲಿಗೆ ಉಳಿಯುವುದು ಪ್ರಾರ್ಥನೆ ಮತ್ತು ಚಹಾ-ಬಿಸ್ಕತ್ತು. ಸಭೆಗೆ ಹೋಗುವ ಮಕ್ಕಳು ಮೊದಲು ಕೇಳಬೇಕಾದದ್ದು ಕಳೆದ ವರ್ಷ ತಾವಿತ್ತ ಬೇಡಿಕೆಗಳ ಮೇಲಿನ ಕ್ರಮದ ವರದಿಯನ್ನು.