ಹೊಟ್ಟೆ ಸೀಳದೆ ಗೆಡ್ಡೆ ತೆಗೆದ ಕಥೆ

ಮಲಾಶಯದ ಕ್ಯಾನ್ಸರ್ ಬಗ್ಗೆ ಬಾಯಿಬಿಟ್ಟು ಮಾತನಾಡಲು ನಮ್ಮವರಿಗೆ ಬಹಳ ಸಂಕೋಚ. ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿ ಇರಬೇಕೆಂದು ತಿಂಗಳುಗಟ್ಟಲೆ ಸುಮ್ಮನಿರುವವರುಂಟು. ಆದ್ದರಿಂದ ಈ ಸಲ ಇದರ ಚಿಕಿತ್ಸೆಯ ಚರಿತ್ರೆಯನ್ನೇ ಬರೆಯುತ್ತಿದ್ದೇನೆ.

1908ರಲ್ಲಿ ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಕೊಯ್ದು, ದುಗ್ಧರಸ ಗ್ರಂಥಿಗಳ ಸಮೇತ ಇಡೀ ಮಲಾಶಯವನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಅವರ ಮೊದಲ 12 ರೋಗಿಗಳಲ್ಲಿ 5 ಮಂದಿ ತೀರಿಕೊಂಡರು! ಆದರೂ ಜಗತ್ತು ಅದನ್ನೇ ಒಪ್ಪಿತು. ಕೆಳಗಿನಿಂದಷ್ಟೇ ಕೊಯ್ದಾಗ ರೋಗ ಹೆಚ್ಚುಕಡಿಮೆ ಎಲ್ಲರಲ್ಲೂ ಮರಳುತ್ತಿತ್ತು. ಬದುಕಿದವರಿಗೆ ಹೊಟ್ಟೆಯ ಮೇಲೆ ಶಾಶ್ವತ ಮಲರಂಧ್ರ. ಮುಂದೆ ಅರಿವಳಿಕೆ, ರಕ್ತದಾನ, ಆಂಟಿಬಯೋಟಿಕ್‌ಗಳಿಂದ ಸಾವು ಇಳಿಯಿತು. ಆದರೆ ಎಂಬತ್ತು ದಾಟಿ, ಹೃದಯವೋ ಶ್ವಾಸಕೋಶವೋ ಕೈಕೊಟ್ಟವರಿಗೆ ಇದು ಇಂದಿಗೂ ದೊಡ್ಡ ಗಂಡಾಂತರವೇ.

ಈ ಗಂಟನ್ನು ಬಿಡಿಸಲು ಹೊರಟವರು ಜರ್ಮನಿಯ ಗೆರ್ಹಾರ್ಡ್ ಬ್ಯೂಸ್. ಕಲೋನ್ ನಗರದಲ್ಲಿದ್ದಾಗ, ರಿಚರ್ಡ್ ವೋಲ್ಫ್ ಕಂಪನಿಯ ಜೊತೆಗೂಡಿ 4 ಸೆಂಟಿಮೀಟರ್ ಅಗಲದ ಕೊಳವೆಯೊಂದನ್ನು ರೂಪಿಸಿದರು. ಗುದದ್ವಾರದಿಂದ ಅದನ್ನು ಒಳಸೇರಿಸಿ, ಆಪರೇಷನ್ ಟೇಬಲ್ಲಿಗೆ ಬಿಗಿದು, ಇಂಗಾಲದ ಡೈಆಕ್ಸೈಡ್ ತುಂಬಿದರೆ ಮಲಾಶಯ ಬಲೂನಿನಂತೆ ಅರಳುತ್ತದೆ. ಎರಡೂ ಕಣ್ಣಿನಿಂದ ನೋಡುವ ದರ್ಶಕದಲ್ಲಿ ಆಳವೂ ಕಾಣುತ್ತದೆ. ಅದೇ ಕೊಳವೆಯೊಳಗೇ ಕತ್ತರಿ, ಇಕ್ಕಳ, ಹೊಲಿಗೆ ಎಲ್ಲ. 1983ರಲ್ಲಿ ರೋಗಿಗಳ ಮೇಲೆ ಬಳಕೆ ಶುರುವಾಯಿತು. ಲ್ಯಾಪರೋಸ್ಕೋಪಿನಿಂದ ಪಿತ್ತಕೋಶ ತೆಗೆದ ಮೊದಲಿಗ ಎರಿಕ್ ಮ್ಯೂಹೆ ಆ ಕೆಲಸ ಮಾಡಿದ್ದು 1985ರಲ್ಲಿ. ಪಿತ್ತಕೋಶಕ್ಕೆ ಸಿಕ್ಕ ಪ್ರಚಾರ ಮಲಾಶಯಕ್ಕೆ ಎಲ್ಲಿ ಸಿಗಬೇಕು? ಉಪಕರಣ ದುಬಾರಿ, ಕಲಿಯುವುದೂ ಕಷ್ಟ. ಬ್ಯೂಸ್ ಮುಂದೆ ಟ್ಯೂಬಿಂಗನ್‌ನಲ್ಲಿ ಅನೇಕರಿಗೆ ಕಲಿಸಿದರೂ ಇದು ಹರಡಿದ್ದು ನಿಧಾನವಾಗಿ. 2010ರ ಹೊತ್ತಿಗೆ ಫ್ಲಾರಿಡಾದ ಸರ್ಜನ್ನರು ಮಾಮೂಲಿ ಲ್ಯಾಪರೋಸ್ಕೋಪ್ ಉಪಕರಣಗಳಿಂದಲೇ ಇದನ್ನು ಮಾಡಿ ತೋರಿಸಿದ ಮೇಲೆ ದಾರಿ ಸುಲಭವಾಯಿತು.

ಒಂದು ಎಚ್ಚರಿಕೆ. ಇದರಲ್ಲಿ ದುಗ್ಧರಸ ಗ್ರಂಥಿಗಳು ಒಳಗೇ ಉಳಿಯುತ್ತವೆ. ಗೆಡ್ಡೆ ಗೋಡೆಯೊಳಗೆ ಆಳಕ್ಕೆ ಇಳಿದಿದ್ದರೆ ಇದೊಂದೇ ಸಾಲದು. ಹಾಗಾಗಿ ಬ್ರಿಟನ್ನಿನ ವೈದ್ಯರು ಮೊದಲು 5 ಸಲ ವಿಕಿರಣ ಕೊಟ್ಟು, 8ರಿಂದ 10 ವಾರ ಕಾದು, ಬಳಿಕ ಕೊಳವೆಯ ಮೂಲಕ ಗೆಡ್ಡೆ ತೆಗೆದು ನೋಡಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ವಯಸ್ಸು, ದೌರ್ಬಲ್ಯ ಮುಂತಾದ ಕಾರಣಗಳಿಂದ ನೇರವಾಗಿ ಈ ಚಿಕಿತ್ಸೆಗೇ ಸೇರಿಸಿಕೊಂಡಿದ್ದ 61 ಮಂದಿಯಲ್ಲಿ 56 ಮಂದಿಗೆ ಮಲಾಶಯ ಉಳಿಯಿತು. ಮೈಲ್ಸ್ ಕಾಲದಲ್ಲಿ ಇಂಥವರನ್ನು ಟೇಬಲ್ಲಿಗೆ ಏರಿಸಲು ಎಷ್ಟು ಮಂದಿ ಸರ್ಜನ್ನರು ಒಪ್ಪುತ್ತಿದ್ದರೋ!