ಸುಮೇರಿಯನರ ಉದುಗ್ ಮತ್ತು ಗಲ್ಲ

ಸುಮೇರಿಯದ ಮಂತ್ರಗಳನ್ನೂ ಪುರಾಣಕಥೆಗಳನ್ನೂ ಕುರಿತು ಬರೆಯುವವರು ಅಲ್ಲಿಯ ಅದೃಶ್ಯಜೀವಿಗಳನ್ನೆಲ್ಲ ಪಿಶಾಚಿಗಳೆಂದು ಕರೆದುಬಿಡುವುದುಂಟು. ಕ್ಯಾಂಪ್‌ಬೆಲ್ ಥಾಂಪ್ಸನ್ನನು 1903ರಲ್ಲಿ ಈ ಮಂತ್ರಗಳನ್ನು ಪ್ರಕಟಿಸಿದಾಗ ಗ್ರಂಥದ ಹೆಸರಿನಲ್ಲಿಯೇ ಆ ಅರ್ಥದ ಶಬ್ದ ಸೇರಿಕೊಂಡಿತು. ಮೂಲಶಬ್ದಗಳನ್ನು ನೋಡಿದರೆ ಈ ರೂಢಿಯು ಸಾಧುವೆಂದು ನಮಗೆ ತೋರುವುದಿಲ್ಲ.

ಆ ಮಂತ್ರಮಾಲೆಯ ಹೆಸರು 'ಉದುಗ್ ಹುಲ್'. ಹುಲ್ ಎಂದರೆ ಕೆಟ್ಟ. ವಿಶೇಷಣವೊಂದೇ ಪ್ರಮಾಣವಾಗಲಾರದು, ನಿಜ. ಆದರೆ ಲಗಶ್ ರಾಜ್ಯದ ಅರಸ ಗುದೇಯನು ಕ್ರಿ. ಪೂ. 22ನೆಯ ಶತಮಾನದಲ್ಲಿ ಬರೆಯಿಸಿದ ಮಣ್ಣಿನ ಉರುಳೆಯೊಂದರಲ್ಲಿ, ಒಳ್ಳೆಯ ಉದುಗ್ ತನ್ನ ಮುಂದೆ ನಡೆಯಲೆಂದೂ ಒಳ್ಳೆಯ ಲಮ್ಮ ಜೊತೆಗಿರಲೆಂದೂ ದೇವಿಯನ್ನು ಬೇಡಿಕೊಳ್ಳುತ್ತಾನೆ. 1877ರಲ್ಲಿ ತೆಲ್ಲೋ ದಿಬ್ಬದಲ್ಲಿ ದೊರೆತ ಆ ಉರುಳೆ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ದಾರಿ ತೋರಿಸುವ ಶಕ್ತಿಯನ್ನು ಪಿಶಾಚಿಯೆನ್ನುವುದು ಹೇಗೆ?

'ಗಲ್ಲ' ಎಂಬ ಶಬ್ದವು ಇದಕ್ಕಿಂತಲೂ ವಿಚಾರಾರ್ಹವಾದುದು. (ಕನ್ನಡದ ಗಲ್ಲುಶಿಕ್ಷೆಯನ್ನು ನೆನೆದು ಸಂಬಂಧ ಕಲ್ಪಿಸುವ ಉತ್ಸಾಹ ಬೇಡ.) ಆಡಳಿತದ ಲೇಖಗಳಲ್ಲಿ ಗಲ್ಲನೆಂದರೆ ಜನರನ್ನು ಹಿಡಿದುತರುವ ರಾಜಭಟ. ಇನನ್ನದೇವಿಯು ಪಾತಾಳಕ್ಕಿಳಿದ ಕಥೆಯಲ್ಲಿ ಅದೇ ಹೆಸರಿನವರು ಅವಳ ಸುತ್ತ ನಡೆದುಬರುತ್ತಾರೆ. ಅವಳು ಮೇಲೆ ಬರಬೇಕಾದರೆ ಬದಲಿಗೆ ಒಬ್ಬರನ್ನು ಕೊಡಬೇಕು. ಅವಳಿಗಾಗಿ ಶೋಕಿಸಿದ ನಿನ್‌ಶುಬುರ್ ಮೊದಲಾದವರನ್ನು ದೇವಿ ಬಿಟ್ಟುಕೊಡುವುದಿಲ್ಲ. ಒಳ್ಳೆಯ ಉಡುಗೆಯುಟ್ಟು ಪೀಠದ ಮೇಲೆ ಕುಳಿತಿದ್ದ ಪತಿ ದುಮುಜಿಯನ್ನೇ ತೋರಿಸುತ್ತಾಳೆ. ಗಲ್ಲರು ಅವನನ್ನು ಹಿಡಿಯುತ್ತಾರೆ. ಅವರು ಉಣ್ಣುವವರಲ್ಲ, ಕುಡಿಯುವವರಲ್ಲ, ಕಾಣಿಕೆ ಮುಟ್ಟುವವರಲ್ಲ ಎಂದು ಕಥೆ ವರ್ಣಿಸುತ್ತದೆ.

ಕಾಣಿಕೆ ಮುಟ್ಟದಿರುವುದು ಭಯಾನಕವೆನಿಸಬೇಕಾದರೆ, ಮುಟ್ಟುವ ಅಧಿಕಾರಿಗಳ ಪರಿಚಯ ಕೇಳುಗರಿಗಿದ್ದಿರಬೇಕೆಂದು ನಾವು ಊಹಿಸುತ್ತೇವೆ. ಲಗಶಿನಲ್ಲಿಯೇ ಶವವನ್ನು ಹೂಳಿಸಿದವನು ಹಿಂದೆ 7 ಗಡಿಗೆ ಮದ್ಯವನ್ನೂ 420 ರೊಟ್ಟಿಗಳನ್ನೂ ಪಡೆಯುತ್ತಿದ್ದನೆಂದೂ, ಅರಸ ಉರುಕಗಿನನು ಅದನ್ನು 3 ಗಡಿಗೆಗೂ 80 ರೊಟ್ಟಿಗೂ ಇಳಿಸಿದನೆಂದೂ ಕ್ರಿ. ಪೂ. 24ನೆಯ ಶತಮಾನದ ಶಾಸನ ಹೇಳುತ್ತದೆ. ಸಾವಿನ ಬಾಗಿಲಲ್ಲಿಯೂ ಸುಂಕ ತೆತ್ತವರಿಗೆ, ಏನು ಕೊಟ್ಟರೂ ಹಿಂದಿರುಗದ ಭಟನಿಗಿಂತ ಘೋರವಾದುದು ಬೇರೆ ತೋರಲಿಲ್ಲವೇನೋ.

ಗಲ್ಲರಿಗೆ ದ್ವೇಷವಿಲ್ಲ, ಒಪ್ಪಿಸಿದ ಕೆಲಸವಿದೆ. ಆದುದರಿಂದ ಪಿಶಾಚಿಯೆನ್ನುವುದಕ್ಕಿಂತ ಕಿಂಕರನೆಂದರೆ ಮೂಲಕ್ಕೆ ಹತ್ತಿರವಾದೀತು. ಕಥೆಯ ಕೊನೆಯಲ್ಲಿಯೂ ಲೆಕ್ಕ ತಪ್ಪುವುದಿಲ್ಲ: ವರ್ಷದಲ್ಲಿ ಅರ್ಧಕಾಲ ದುಮುಜಿಯೂ ಉಳಿದರ್ಧ ಅವನ ಸಹೋದರಿ ಗೆಷ್ಟಿನನ್ನಳೂ ಪಾತಾಳದಲ್ಲಿರಬೇಕೆಂದು ತೀರ್ಮಾನವಾಗುತ್ತದೆ.