ನ್ಯಾಯ ಸಿದ್ಧಾಂತಗಳಲ್ಲಿ ಭಿನ್ನತೆ: ಕಾಡುಗೊಲ್ಲರ ನಿದರ್ಶನ

ರಾಜಕೀಯ ಚಿಂತನೆಯಲ್ಲಿ ಭಿನ್ನತೆಗೆ ಗೌರವ ಎಂದರೆ, ಜನಸಮುದಾಯಗಳ ಭಾಷೆ, ಕುಲಾಚಾರ ಮತ್ತು ಜೀವನಕ್ರಮಗಳನ್ನು ಮಾನ್ಯ ಮಾಡಿಯೇ ನ್ಯಾಯವನ್ನು ನಿರ್ಣಯಿಸಬೇಕೆಂಬ ನಿಲುವು. ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ 'ಎ ಥಿಯರಿ ಆಫ್ ಜಸ್ಟಿಸ್' ಕೃತಿಯ ಪ್ರಕಾರ, ತಮ್ಮ ಸ್ಥಾನಮಾನ, ಸಂಪತ್ತುಗಳನ್ನು ಅರಿಯದೆ 'ಅಜ್ಞಾನದ ಪರದೆ'ಯ ಹಿಂದೆ ನಿಂತವರು ಒಪ್ಪುವ ನಿಯಮಗಳೇ ನ್ಯಾಯಯುತವಾದವು. ಭಿನ್ನತೆಯನ್ನು ಮರೆತ ನಿಷ್ಪಕ್ಷಪಾತವು ಪ್ರಬಲರ ರೂಢಿಯನ್ನೇ ಸರ್ವಸಾಮಾನ್ಯವೆಂದು ಹೇರುತ್ತದೆ ಎಂದು ಐರಿಸ್ ಮರಿಯನ್ ಯಂಗ್ 1990ರಲ್ಲಿ ವಾದಿಸಿದರು.

ಹಟ್ಟಿಯ ಬದುಕು

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಪಾವಗಡ ಮತ್ತು ನೆರೆಯ ಚಿತ್ರದುರ್ಗ ಸೀಮೆಯ ಕಾಡುಗೊಲ್ಲರು ಪಶುಪಾಲಕರು. ಊರಿನಿಂದ ದೂರದಲ್ಲಿ, ಮುಳ್ಳುಬೇಲಿಯೊಳಗಿನ ಗೊಲ್ಲರಹಟ್ಟಿಗಳಲ್ಲಿ ವಾಸಿಸುವುದು ಅವರ ಸಂಪ್ರದಾಯ. ಸಾಂಸ್ಕೃತಿಕ ವೀರ ಜುಂಜಪ್ಪನ ಕಥನವನ್ನು ಗಣೆ ಎಂಬ ಉದ್ದನೆಯ ಕೊಳಲಿನೊಂದಿಗೆ ಹಾಡುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವರಿಗೆ ಪವಿತ್ರ ಕ್ಷೇತ್ರ. ಊರುಗೊಲ್ಲರಿಂದ ತಾವು ಬೇರೆ, ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು ಎಂಬುದು ಅವರ ಬಹುಕಾಲದ ಬೇಡಿಕೆ. 'ಗೊಲ್ಲ' ಎಂಬ ಒಂದೇ ಹೆಸರಿನಡಿ ಎಣಿಸಿದರೆ ಈ ಭಿನ್ನತೆ ಮರೆಯಾಗುವುದು ಸಹಜವೇ.

ಸೂತಕದ ಪ್ರಶ್ನೆ

ಆದರೆ ಇದೇ ಆಚಾರದ ಇನ್ನೊಂದು ಮುಖ ಕಠೋರವಾದುದು. ಅನೇಕ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹೊರಗಿರಿಸುವ ರೂಢಿಯಿದೆ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ತಾಯಿಯೊಡನೆ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ಕಾಯಿಲೆ ಬಿದ್ದು ತೀರಿಕೊಂಡಿತು. ಗೌರವಿಸಬೇಕಾದುದು ಯಾರ ಭಿನ್ನತೆಯನ್ನು: ಸಮುದಾಯದ್ದನ್ನೋ, ಅದರೊಳಗಿನ ಹೆಣ್ಣಿನದನ್ನೋ?

ಕೆನಡಾದ ಚಿಂತಕ ವಿಲ್ ಕಿಮ್ಲಿಕಾ 1995ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಹೊರಗಿನ ಬಹುಸಂಖ್ಯಾತರ ಒತ್ತಡದಿಂದ ಗುಂಪನ್ನು ಕಾಪಾಡುವ ರಕ್ಷಣೆ ಒಪ್ಪತಕ್ಕದ್ದು. ಗುಂಪು ತನ್ನ ಸದಸ್ಯರ ಮೂಲಸ್ವಾತಂತ್ರ್ಯಕ್ಕೆ ಹಾಕುವ ಕಟ್ಟು ಒಪ್ಪತಕ್ಕದ್ದಲ್ಲ. ಪ್ರತ್ಯೇಕ ಮಾನ್ಯತೆಯ ಬೇಡಿಕೆ ಮೊದಲನೆಯದಕ್ಕೆ ಸೇರಿದರೆ, ಬಾಣಂತಿಯನ್ನು ಹೊರಗಿರಿಸುವುದು ಎರಡನೆಯದು. ಸಮುದಾಯದ ಹೆಸರಿನಲ್ಲಿ ಮಾತನಾಡುವವರು ಬಹುಮಟ್ಟಿಗೆ ಹಿರಿಯ ಗಂಡಸರೇ ಎಂದು ಸೂಸನ್ ಮೊಲರ್ ಒಕಿನ್ ಎಚ್ಚರಿಸಿದ್ದರು. ಹಟ್ಟಿಯ ವಿಷಯದಲ್ಲಿ ಈ ಎಚ್ಚರ ಕಿಮ್ಲಿಕಾ ಅವರ ವಿಂಗಡಣೆಗಿಂತಲೂ ಹರಿತವಾದುದು.

ಕಾನೂನು ಮತ್ತು ಆಚರಣೆ

ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಅಧಿನಿಯಮವು 2020ರಲ್ಲಿ ಜಾರಿಗೆ ಬಂದಿತು. ಮುಟ್ಟಾದ ಅಥವಾ ಗರ್ಭಿಣಿ ಸ್ತ್ರೀಯರನ್ನು ಬಲವಂತವಾಗಿ ಪ್ರತ್ಯೇಕಿಸುವುದು ಅದರನ್ವಯ ಅಪರಾಧ. ಇದರ ನಡುವೆಯೇ ಕೆಲವು ಹಟ್ಟಿಗಳ ಬಳಿ ಸರ್ಕಾರದ ವತಿಯಿಂದ ಮಹಿಳಾ ಭವನಗಳೂ ಎದ್ದಿವೆ. ಮಳೆ, ಚಳಿ, ಹುಳಹುಪ್ಪಟೆಗಳಿಂದ ಅವು ರಕ್ಷಣೆ ಕೊಡುತ್ತವೆ. ಹೊರಗಿರಿಸುವ ಪದ್ಧತಿಗೇ ಅವು ಸೂರು ಕಟ್ಟಿಕೊಟ್ಟಂತಾಯಿತು ಎಂಬ ಆಕ್ಷೇಪವೂ ಉಂಟು.